ನಾಲೆ ಏರಿ ಮೇಲೆ ಸೈಕಲ್ ಸವಾರಿ



ಈ ಸಲದ ಗೋಡೆಪತ್ರಿಕೆಗೆ ‘ನನಗೆ ಗೊತ್ತಿರುವ ಒಂದು ವಿಷಯ’ ಬರೆದುಕೊಡಿ ಅಂತ ಮೇಷ್ಟ್ರು ಹೇಳಿದರು. ನನಗೆ ಚೆನ್ನಾಗಿ ಗೊತ್ತಿರುವುದು ಸೈಕಲ್ ಹೊಡೆಯುವುದು ಒಂದೇ. ಅದನ್ನೇ ಬರೆದಿದ್ದೇನೆ. ತಪ್ಪಿದ್ದರೆ ತಿದ್ದಿ.

ನನ್ನ ಸೈಕಲ್ಲು ಮೊದಲು ನಮ್ಮಕ್ಕನದು. ಸರ್ಕಾರ 2006-07ರಲ್ಲಿ ಶುರು ಮಾಡಿದ ಉಚಿತ ಸೈಕಲ್ ಯೋಜನೆಯಲ್ಲಿ ಅವಳು ಎಂಟನೇ ತರಗತಿಯಲ್ಲಿದ್ದಾಗ ಬಂದದ್ದು. ನಮ್ಮ ಬ್ಯಾಚಿಗೆ ಸೈಕಲ್ ಬರಲಿಲ್ಲ. ಅಕ್ಕ ಕಾಲೇಜಿಗೆ ಸೇರಿದ ಮೇಲೆ ಅದು ನನ್ನ ಪಾಲಿಗೆ ಬಂತು. ಮಡ್‌ಗಾರ್ಡ್ ಗಡಗಡ ಅನ್ನುತ್ತೆ, ಬೆಲ್ ಹೊಡೆಯೋದೇ ಬೇಡ!

ಒಂದು ದಿನ ಮುಖ್ಯರಸ್ತೆಯಲ್ಲಿ ಬರುತ್ತಿದ್ದೆ. ಹಿಂದಿನಿಂದ ಕಬ್ಬಿನ ಲಾರಿ ಬಂತು. ಲೋಡಿನಿಂದ ಆಚೆ ಚಾಚಿಕೊಂಡಿದ್ದ ಕಬ್ಬಿನ ತುದಿ ಹ್ಯಾಂಡಲ್ಲಿಗೆ ಸವರಿತು. ನಾನೊಂದು ಕಡೆ, ಸೈಕಲ್ಲೊಂದು ಕಡೆ ಬಿದ್ದೆವು. ಮಂಡಿ ತರಚಿತು, ಅಷ್ಟೇ. ಆದರೆ ಮನೆಗೆ ಬಂದಾಗ ಅಪ್ಪನ ಮುಖ ನೋಡಲಾಗಲಿಲ್ಲ. 2023ರ ಮೇ 29ರಂದು ಟಿ. ನರಸೀಪುರ–ಕೊಳ್ಳೇಗಾಲ ಮುಖ್ಯರಸ್ತೆಯ ಕುರುಬೂರು ಹತ್ತಿರ ಬಸ್ಸು ಕಾರು ಡಿಕ್ಕಿಯಾಗಿ 10 ಜನ ತೀರಿಕೊಂಡಿದ್ದನ್ನು ನಮ್ಮ ಕಡೆಯವರು ಯಾರೂ ಮರೆತಿಲ್ಲ. ಅಪ್ಪ ಒಂದು ಮಾತೂ ಆಡದೆ ಸೈಕಲ್ಲಿಗೆ ಬೀಗ ಹಾಕಿ ಬೀಗದ ಕೈ ಜೇಬಿಗೆ ಇಟ್ಟುಕೊಂಡರು.

ಎರಡು ವಾರ ನಾನು ಮುಖ ಊದಿಸಿಕೊಂಡಿದ್ದೆ. ಆಗ ನಮ್ಮ ತಾತ, “ಆ ರೋಡ್‌ಗ್ಯಾಕವ್ವ ವೋದಿಯೆ? ಏರಿ ಮ್ಯಾಲ್ ವೋಗು. ಅಲ್ಲಿ ನಿನ್ ಕೇಳೋರ್ಯಾರು?” ಅಂದರು. ತಾತ ಮೊದಲು ನೀರುಗಂಟಿಯಾಗಿದ್ದವರು. ನಾಲೆ ಏರಿ ಅವರಿಗೆ ಮನೆ ಜಗುಲಿ ಇದ್ದ ಹಾಗೆ. ಅಪ್ಪ ಬೀಗ ತೆಗೆದುಕೊಟ್ಟರು, ಆದರೆ “ತಾತ ಹೇಳ್ದಂಗೆ ಕೇಳ್ಬೇಕು” ಅಂತ ಮಾತು ತಗೊಂಡರು.

ನಾಲೆ ಏರಿ ಅಂದರೆ ಏನು?

ನಾಲೆ ತೋಡುವಾಗ ಬಂದ ಮಣ್ಣನ್ನು ಎರಡೂ ಪಕ್ಕ ಒಟ್ಟಿ ಗಟ್ಟಿ ಮಾಡುತ್ತಾರೆ. ಅದೇ ಏರಿ. ದೊಡ್ಡ ನಾಲೆಗಳಲ್ಲಿ ಒಂದು ಕಡೆಯ ಏರಿಯನ್ನು ಅಗಲ ಮಾಡಿರುತ್ತಾರೆ. ಅದು ನೀರಾವರಿ ಇಲಾಖೆಯವರು ಜೀಪಿನಲ್ಲಿ ಬಂದು ತೂಬು ನೋಡುವುದಕ್ಕೆ, ಹೂಳು ತೆಗೆಸುವುದಕ್ಕೆ ಮಾಡಿದ ದಾರಿ. ನಮ್ಮ ಸೀಮೆಯಲ್ಲಿ ನಾಲೆಗಳಿಗೆ ಬರವಿಲ್ಲ. ಎಚ್.ಡಿ. ಕೋಟೆ ತಾಲ್ಲೂಕಿನ ಬೀಚನಹಳ್ಳಿಯಲ್ಲಿ 1974ರಲ್ಲಿ ಕಬಿನಿ ಅಣೆಕಟ್ಟು ಆಯಿತು. ಅದಕ್ಕಿಂತ ಎಷ್ಟೋ ಹಿಂದಿನದು ತಲಕಾಡಿನ ಎದುರು ಹೆಮ್ಮಿಗೆ ಹತ್ತಿರ ಕಾವೇರಿಗೆ ಕಟ್ಟಿರುವ ಮಾಧವಮಂತ್ರಿ ಅಣೆಕಟ್ಟು. ಕಬಿನಿ, ಕಾವೇರಿ ಎರಡೂ ನರಸೀಪುರದಲ್ಲಿ ಕೂಡುತ್ತವೆ. ಹೀಗೆ ಎರಡು ಹೊಳೆಯ ನೀರು ನಾಲೆ ನಾಲೆಯಾಗಿ ಹರಿಯುವ ಬಯಲು ನಮ್ಮದು. ನಾಲೆ ಇದ್ದಲ್ಲಿ ಏರಿ, ಏರಿ ಇದ್ದಲ್ಲಿ ದಾರಿ!

ತುಳಿಯುವುದು ಏಕೆ ಸುಲಭ?

ಇದನ್ನು ನಾನು ತಾತನ ಹತ್ತಿರ ಕೇಳಿ ತಿಳಿದುಕೊಂಡೆ. ರಸ್ತೆ ದಿಬ್ಬ ಬಂದರೆ ಹತ್ತಿ ಇಳಿಯುತ್ತದೆ. ನೀರು ದಿಬ್ಬ ಹತ್ತುವುದಿಲ್ಲ. ಆದ್ದರಿಂದ ನಾಲೆ ತೋಡುವವರು ದಿಬ್ಬವನ್ನು ಬಳಸಿಕೊಂಡು, ಒಂದೇ ಮಟ್ಟದಲ್ಲಿ ಸುತ್ತಿಕೊಂಡು ಹೋಗುತ್ತಾರೆ. ಹಾಗಂತ ಪೂರ್ತಿ ಮಟ್ಟವಾದರೆ ನೀರು ನಿಂತುಬಿಡುತ್ತದೆ, ಜಾಸ್ತಿ ಇಳಿಜಾರಾದರೆ ರಭಸಕ್ಕೆ ಏರಿಯೇ ಕೊಚ್ಚಿಹೋಗುತ್ತದೆ. ದೊಡ್ಡ ನಾಲೆಯಲ್ಲಿ ಕೆಲವು ಸಾವಿರ ಅಡಿ ಮುಂದೆ ಹೋದರೆ ಒಂದೇ ಒಂದು ಅಡಿ ಇಳಿತ ಇರುತ್ತದೆ. ಅಷ್ಟು ಸಣ್ಣ ಇಳಿತ ನಮ್ಮ ಕಾಲಿಗೆ ಗೊತ್ತೇ ಆಗಲ್ಲ. ಹೋಗುವಾಗಲೂ ಏದುಸಿರಿಲ್ಲ, ಬರುವಾಗಲೂ ಇಲ್ಲ. ದಾರಿ ಸ್ವಲ್ಪ ಸುತ್ತು, ಆದರೆ ಸುಸ್ತು ಕಮ್ಮಿ. ನೀರು ಆರಿಸಿಕೊಂಡ ದಾರಿಯೇ ಸೈಕಲ್ಲಿಗೂ ಒಳ್ಳೆಯ ದಾರಿ.

ಹೊರದೇಶದಲ್ಲೂ ಇಂಥದ್ದೇ ಇದೆ ಅಂತ ಸಮಾಜ ಪಾಠದ ಮೇಷ್ಟ್ರು ಹೇಳಿದರು. ಯುರೋಪಿನ ಡ್ಯಾನ್ಯೂಬ್ ನದಿಯಲ್ಲಿ ಹಿಂದೆ ದೋಣಿಗಳನ್ನು ಹೊಳೆಯ ಎದುರಿಗೆ ಕುದುರೆ ಕಟ್ಟಿ ಎಳೆಸುತ್ತಿದ್ದರಂತೆ. ಕುದುರೆ ನಡೆಯಲು ದಡದಲ್ಲಿ ಮಾಡಿದ್ದ ದಾರಿ ಎಷ್ಟೋ ಕಡೆ ಈಗ ಸೈಕಲ್ ದಾರಿಯಾಗಿದೆ. ಜರ್ಮನಿಯ ಪಸ್ಸಾವ್‌ನಿಂದ ಆಸ್ಟ್ರಿಯಾದ ವಿಯೆನ್ನಾವರೆಗೆ 300 ಕಿ.ಮೀ.ಗೂ ಹೆಚ್ಚು ದೂರ ಜನ ರಜೆ ಹಾಕಿ ಸೈಕಲ್ ಹೊಡೆಯಲು ಬರುತ್ತಾರೆ. ಅಷ್ಟು ದೂರ ಏಕೆ, ನಮ್ಮ ಮೈಸೂರಿನಲ್ಲೇ 2017ರಲ್ಲಿ ‘ಟ್ರಿಣ್ ಟ್ರಿಣ್’ ಅಂತ ಬಾಡಿಗೆ ಸೈಕಲ್ ಶುರುವಾಯಿತು. ಪೇಟೆಯವರು ಸೈಕಲ್ ದಾರಿ ಬೇಕು ಅಂತ ಕೇಳುತ್ತಿದ್ದಾರೆ. ನಮಗೆ ದಾರಿ ಮನೆ ಹಿಂದೆಯೇ ಇದೆ, ನಾವೇ ನೋಡಿಲ್ಲ.

ಏರಿ ಮೇಲೆ ಏನು ನೋಡಬಹುದು?

ಭಾನುವಾರ ಬೆಳಿಗ್ಗೆ ಬೇಗ ಹೋದರೆ ಒಂದು ಕಡೆ ನೀರು, ಇನ್ನೊಂದು ಕಡೆ ತಗ್ಗಿನಲ್ಲಿ ಗದ್ದೆ. ಗದ್ದೆ ತುಂಬ ಬೆಳ್ಳಕ್ಕಿ. ತಂತಿ ಮೇಲೆ ಮಿಂಚುಳ್ಳಿ ಕೂತಿರುತ್ತದೆ, ಸೈಕಲ್ ಸದ್ದಿಗೆ ನೀಲಿ ಗೆರೆ ಎಳೆದ ಹಾಗೆ ಹಾರುತ್ತದೆ. (ನನ್ನ ಮಡ್‌ಗಾರ್ಡ್ ಸದ್ದಿಗೆ ದೂರದಿಂದಲೇ ಹಾರುತ್ತದೆ.) ಯಾರ ಗದ್ದೆಯಲ್ಲಿ ನಾಟಿ, ಯಾರದ್ದರಲ್ಲಿ ಕಳೆ, ಯಾರ ತೂಬಿಗೆ ನೀರು ಬಂದಿಲ್ಲ ಎಲ್ಲ ಗೊತ್ತಾಗುತ್ತದೆ. ಪುಸ್ತಕದಲ್ಲಿ ‘ನೀರಾವರಿ’ ಅಂತ ಓದಿದ್ದು ನನಗೆ ಅರ್ಥವಾದದ್ದು ಅಲ್ಲೇ.

ಬಹಳ ಮುಖ್ಯವಾದ ಎಚ್ಚರಿಕೆ

ಇಲ್ಲಿವರೆಗೆ ಓದಿ ಸೈಕಲ್ ತೆಗೆಯಬೇಡಿ, ಇದನ್ನೂ ಓದಿ.

ಒಂದು ಭಾನುವಾರ ತಮ್ಮನನ್ನು ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಹೋಗಿದ್ದೆ. ಅವನು ತೆಂಗಿನ ಗರಿಯ ಚೂರು ನೀರಿಗೆ ಎಸೆದ. ಅದು ನಾವು ನಡೆಯುವಷ್ಟು ಜೋರಾಗಿ ಹೋಯಿತು. “ಇಷ್ಟೇನಾ?” ಅಂದ. ಅಷ್ಟರಲ್ಲಿ ಅವನ ಚಪ್ಪಲಿ ಜಾರಿ ನಾಲೆ ಅಂಚಿಗೆ ಬಿತ್ತು. ನಾನು ಸ್ಟ್ಯಾಂಡ್ ಹಾಕುವಷ್ಟರಲ್ಲಿ ಅವನು ಇಳಿದೇ ಬಿಟ್ಟಿದ್ದ. ಕಾಂಕ್ರೀಟ್ ಇಳಿಜಾರಿನ ಮೇಲೆ ಪಾಚಿ. ಕೂತ ಹಾಗೆಯೇ ಸರ್ರನೆ ಜಾರಿ ಮಂಡಿ ತನಕ ನೀರಿಗೆ ಹೋದ. ಹಿಡಿದುಕೊಳ್ಳಲು ಏನೂ ಇಲ್ಲ. ನನಗೆ ಕೂಗಲೂ ಬಾಯಿ ಬರಲಿಲ್ಲ. ಹುಲ್ಲು ಕೊಯ್ಯುತ್ತಿದ್ದ ಒಬ್ಬ ಅಮ್ಮ ಓಡಿಬಂದು ಸೀರೆ ಸೆರಗು ಎಸೆದರು, ಅವನು ಹಿಡಿದ, ಇಬ್ಬರೂ ಎಳೆದೆವು. ಚಪ್ಪಲಿ ಹೋಯಿತು. ತಮ್ಮ ಉಳಿದ.

ಈ ಕಥೆಯನ್ನು ಮನೆಯಲ್ಲಿ ನಾನೇ ಹೇಳಿದೆ. ಬೀಗ ಮತ್ತೆ ಬೀಳುತ್ತದೆ ಅಂದುಕೊಂಡೆ. ತಾತ ಮಾತ್ರ, “ನಡಿಯೋ ವೇಗ ಅಂತ ಮೋಸ ವೋಗ್ಬ್ಯಾಡ. ಸೊಂಟ್ ಮಟ್ಟ ಬಂದ್ರೆ ಅದೇ ನೀರು ಕಾಲ್ ಕೀಳ್ತದೆ” ಅಂತ ಹೇಳಿ, ನನ್ನ ಕೈಲಿ ಈ ನಿಯಮ ಬರೆಸಿದರು:

1. ಒಬ್ಬರೇ ಹೋಗಬಾರದು. ಮನೆಯಲ್ಲಿ ಹೇಳಿ ಹೋಗಬೇಕು.

2. ನೀರಿನ ಕಡೆ ಅಲ್ಲ, ಗದ್ದೆ ಕಡೆಯ ಅಂಚಿನಲ್ಲಿ ತುಳಿಯಬೇಕು. ಡಬಲ್ಸ್ ಬೇಡವೇ ಬೇಡ.

3. ಏನೇ ಬಿದ್ದರೂ ನಾಲೆಗೆ ಇಳಿಯಬಾರದು. ಚಪ್ಪಲಿ ಇನ್ನೊಂದು ಸಿಗುತ್ತದೆ.

4. ಮಳೆ ಬಂದ ದಿನ, ಕತ್ತಲಾದ ಮೇಲೆ ಹೋಗಬಾರದು. ಏರಿ ಜಾರುತ್ತದೆ, ಹಾವೂ ಇರುತ್ತವೆ.

5. ಏರಿಗೆ ಡಾಂಬರು ರಸ್ತೆ ಅಡ್ಡ ಬಂದರೆ ಇಳಿದು ತಳ್ಳಿಕೊಂಡು ದಾಟಬೇಕು.

6. ಎತ್ತಿನಗಾಡಿ, ಟ್ರ್ಯಾಕ್ಟರ್ ಬಂದರೆ ನಾವೇ ನಿಂತು ದಾರಿ ಬಿಡಬೇಕು. ಏರಿ ರೈತರದು, ನಾವು ನೆಂಟರು.

7. ಪಂಪು, ಪಂಚರ್ ಸಾಮಾನು ಇರಲಿ. ಜಾಲಿಮುಳ್ಳಿಗೆ ದಾಕ್ಷಿಣ್ಯವಿಲ್ಲ.

ನಾವು ಕೇಳಬೇಕಾದದ್ದು

2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಬಸ್ಸು ವಿಶ್ವೇಶ್ವರಯ್ಯ ನಾಲೆಗೆ ಬಿದ್ದು 30 ಜನ ಸತ್ತರು. ಅವರಲ್ಲಿ ಶಾಲೆಯಿಂದ ಮನೆಗೆ ಬರುತ್ತಿದ್ದ ಮಕ್ಕಳೂ ಇದ್ದರು. ದೊಡ್ಡ ಬಸ್ಸಿಗೇ ಹೀಗಾದರೆ ನಮ್ಮ ಸೈಕಲ್ ಯಾವ ಲೆಕ್ಕ? ಆದರೆ ಹೆದರಿ ಮನೆಯಲ್ಲಿ ಕೂರುವುದು ಉತ್ತರವಲ್ಲ. ಮುಖ್ಯರಸ್ತೆಯಲ್ಲಿ ಲಾರಿ, ಏರಿಯಲ್ಲಿ ನೀರು ಅಂತ ಎರಡೂ ಕಡೆ ಬೀಗ ಹಾಕಿದರೆ ಮೊದಲು ಮನೆಯಲ್ಲಿ ಉಳಿಯುವವರು ಹೆಣ್ಣುಮಕ್ಕಳು.

ಅದಕ್ಕೆ ಈ ವರ್ಷದ ಮಕ್ಕಳ ಗ್ರಾಮಸಭೆಯಲ್ಲಿ ನಾವೆಲ್ಲ ಸೇರಿ ಮೂರೇ ಮೂರು ಕೇಳೋಣ. ಒಂದು, ನಾಲೆಯ ಸಣ್ಣ ಸೇತುವೆಗಳಿಗೆ ತಡೆಗೋಡೆ. ಎರಡು, ಬಿದ್ದವರು ಹತ್ತಿ ಬರಲು ಅಲ್ಲಲ್ಲಿ ಮೆಟ್ಟಿಲು, ಹಿಡಿಯಲು ಸರಪಳಿ. ಮೂರು, ವರ್ಷಕ್ಕೆ ಎರಡು ಸಲ ಏರಿ ಮೇಲಿನ ಮುಳ್ಳುಗಿಡ ತೆಗೆಸುವುದು. ಮೂರನೆಯದಕ್ಕೆ ಕುಡುಗೋಲು ಹಿಡಿದು ಬರಲು ನಾನು ತಯಾರು.

ಈ ಲೇಖನದ ಕೆಳಗೆ ಒಂದು ಖಾಲಿ ಹಾಳೆ ಅಂಟಿಸಿದ್ದೇನೆ. ನಿಮ್ಮ ಬೀದಿಯಿಂದ, ನಿಮ್ಮ ಊರಿಂದ ಏರಿಗೆ ಹೋಗುವ ದಾರಿ ಎಲ್ಲಿದೆ, ಎಲ್ಲಿ ಕುಸಿದಿದೆ, ಎಲ್ಲಿ ಜಾರುತ್ತದೆ ಎಂದು ಅದರಲ್ಲಿ ಗೆರೆ ಎಳೆದು ತೋರಿಸಿ. ಹಾಳೆ ತುಂಬಿದರೆ ಅದನ್ನೇ ಗ್ರಾಮಸಭೆಗೆ ಒಯ್ಯೋಣ. ಪೆನ್ಸಿಲ್ಲನ್ನು ದಾರದಲ್ಲಿ ಕಟ್ಟಿದ್ದೇನೆ, ದಯವಿಟ್ಟು ಯಾರೂ ಮನೆಗೆ ತಗೊಂಡು ಹೋಗಬೇಡಿ.

ಇಂತಿ ನಿಮ್ಮ ಗೆಳತಿ,
9ನೇ ತರಗತಿ, ಮೂಗೂರು