ಅಧ್ಯರ್ಬುದವೂ ದ್ವಿತೀಯಾರ್ಬುದವೂ

ಮೊದಲು ಹುಟ್ಟಿದ ಅರ್ಬುದದ ಮೇಲೆ ಮತ್ತೊಂದು ಹುಟ್ಟಿದರೆ ಅಧ್ಯರ್ಬುದವೆಂದೂ, ಒಡನೆಯೋ ಕ್ರಮವಾಗಿಯೋ ಎರಡು ಹುಟ್ಟಿದರೆ ದ್ವಿರರ್ಬುದವೆಂದೂ ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ಹೇಳಿದೆ. ಪಾಶ್ಚಾತ್ಯವೈದ್ಯರ 'ಎರಡನೆಯ ಕ್ಯಾನ್ಸರಿ'ಗೆ ಈ ಹೆಸರುಗಳನ್ನೇ ಇಡಬಹುದೆಂದು ತೋರುವುದು ಸಹಜ. ಆದರೆ ಅರ್ಥವನ್ನು ವಿಚಾರಿಸತಕ್ಕದ್ದು.

ದುಗ್ಧರಸಗ್ರಂಥಿಗಳ ಒಂದು ರೋಗವನ್ನು ಲಂಡನ್ನಿನ ಥಾಮಸ್ ಹಾಡ್ಜ್‌ಕಿನ್ ಎಂಬ ವೈದ್ಯನು 1832ರಲ್ಲಿ ವರ್ಣಿಸಿದನು. ಬಹುಕಾಲ ಅಸಾಧ್ಯವೆನಿಸಿದ್ದ ಈ ವ್ಯಾಧಿಯು 20ನೆಯ ಶತಮಾನದ ಉತ್ತರಾರ್ಧದಲ್ಲಿ ಕಿರಣಚಿಕಿತ್ಸೆಯಿಂದಲೂ ತೀಕ್ಷ್ಣೌಷಧಗಳಿಂದಲೂ ಬಹುಮಟ್ಟಿಗೆ ಸಾಧ್ಯವಾಯಿತು. ರೋಗಿಗಳು ದೀರ್ಘಕಾಲ ಬದುಕಿದುದರಿಂದಲೇ ಮತ್ತೊಂದು ಸಂಗತಿಯು ಬೆಳಕಿಗೆ ಬಂದಿತು. ಆಮ್‌ಸ್ಟರ್‌ಡ್ಯಾಮಿನ ಫ್ಲೋರಾ ಫಾನ್ ಲೇವೆನ್ ಎಂಬ ವಿದುಷಿಯೂ ಆಕೆಯ ಸಹೋದ್ಯೋಗಿಗಳೂ, 1965ರಿಂದ 2000ದ ವರೆಗೆ ಚಿಕಿತ್ಸೆ ಪಡೆದು ಐದು ವರ್ಷಗಳಿಗೆ ಕಡಮೆಯಿಲ್ಲದೆ ಬದುಕಿದ 3905 ಡಚ್ ರೋಗಿಗಳ ವೃತ್ತಾಂತವನ್ನು 2015ರಲ್ಲಿ ಪ್ರಕಟಿಸಿದರು. ಅವರಲ್ಲಿ ಹೊಸ ಕ್ಯಾನ್ಸರು ಸಾಮಾನ್ಯಜನರಲ್ಲಿರುವುದರ 4.6 ಮಡಿಯಾಗಿತ್ತು. 40 ವರ್ಷಗಳಲ್ಲಿ ಸಾಮಾನ್ಯರಲ್ಲಿ ನೂರಕ್ಕೆ 19 ಮಂದಿಗೆ ಬರುವುದು ಇವರಲ್ಲಿ ನೂರಕ್ಕೆ 48.5! ಎಳೆವಯಸ್ಸಿನ ಹೆಂಗಸರ ಎದೆಗೆ ಬಿದ್ದ ಕಿರಣವು ಹತ್ತು ಹದಿನೈದು ವರ್ಷಗಳ ಮೇಲೆ ಸ್ತನದಲ್ಲಿ ಫಲಿಸುವುದುಂಟು.

ಇಲ್ಲಿ ಎರಡನೆಯದು ಮೊದಲಿನದರ ಮೇಲೆ ಹುಟ್ಟಿದುದಲ್ಲ, ಅದರ ಮರುಕಳಿಕೆಯೂ ಅಲ್ಲ. ಹೆಚ್ಚಳದ ಬಹುಭಾಗವು ಚಿಕಿತ್ಸಾಜನ್ಯವು. ಅಧ್ಯರ್ಬುದವೆಂದರೆ ಈ ಕಾರಣವೇ ಮರೆಯಾಗುತ್ತದೆ. ಹಳೆಯ ವ್ಯಾಧಿಯೇ ಮರಳಿತೆಂದು ರೋಗಿಯು ಭ್ರಮಿಸಿಯಾನು. ದ್ವಿರರ್ಬುದವನ್ನಂತೂ ಸುಶ್ರುತನು ಅಸಾಧ್ಯವೆಂದೇ ಎಣಿಸಿದ್ದಾನೆ. ಬೇಗನೆ ಕಂಡರೆ ಅನೇಕವೇಳೆ ಗುಣವಾಗುವ ಸ್ತನರೋಗಕ್ಕೆ ಆ ಹೆಸರನ್ನಿಡುವುದು ಅನ್ಯಾಯವು. ನಮ್ಮ ಪರಿಭಾಷಾಕೋಶಗಳಲ್ಲಿ 'ದ್ವಿತೀಯಾರ್ಬುದ'ವೆಂದು ಬರೆಯುವುದೇ ಲೇಸು.