ಕೋಳಿ ಕೋಳಿಯ ಗರಿ ಕೀಳುವುದೇಕೆ?

ಹಿತ್ತಿಲ ಕೋಳಿ ಬೆಳಗಾದೊಡನೆ ತಿಪ್ಪೆ ಸೇರಿ, ಕಾಲಿನಿಂದ ಕೆದಕಿ, ಒಂದು ಹೆಜ್ಜೆ ಹಿಂದೆ ಸರಿದು, ಕುಕ್ಕಿ, ಮತ್ತೆ ಕೆದಕುವುದನ್ನು ಊರಿನಲ್ಲಿ ನೋಡದವರು ವಿರಳ. ಮುಂಬಯಿ, ಪುಣೆಗಳಲ್ಲಿ ಹುಟ್ಟಿದ ನಮ್ಮ ಮಕ್ಕಳಿಗಾದರೋ ಕೋಳಿಯೆಂದರೆ ಅಂಗಡಿಯ ತಟ್ಟೆಯಲ್ಲಿ ಸಾಲಾಗಿ ಕುಳಿತ ಬಿಳಿಯ ಮೊಟ್ಟೆಗಳು ಮಾತ್ರ. ಆ ಮೊಟ್ಟೆಯಿಟ್ಟ ಹೇಟೆಯ ಬೆನ್ನ ಮೇಲೆ ಗರಿ ಉಳಿದಿದೆಯೇ ಎಂಬ ಪ್ರಶ್ನೆ ಯಾರಿಗೂ ಹೊಳೆಯುವುದಿಲ್ಲ. ಮೊಟ್ಟೆ ಮುಟ್ಟದ ಮನೆಯವರು ದಯವಿಟ್ಟು ಪುಟ ತಿರುಗಿಸಬಾರದು, ವಿಷಯ ಅಡುಗೆಯದಲ್ಲ.

ಕೋಳಿಗಳನ್ನು ನೂರಾರು ಸಂಖ್ಯೆಯಲ್ಲಿ ಒಂದೆಡೆ ಕೂಡಿಹಾಕಿ ಸಾಕಿದಾಗ ಕೆಲವು ಹೇಟೆಗಳು ಪಕ್ಕದ ಕೋಳಿಯ ಗರಿಯನ್ನು ಕುಕ್ಕಿ ಕೀಳತೊಡಗುತ್ತವೆ. ಎಷ್ಟೋ ಸಲ ಕಿತ್ತದ್ದನ್ನು ತಿಂದೂಬಿಡುತ್ತವೆ. ಬಾಲದ ಬುಡ, ಬೆನ್ನು ಬೋಳಾಗುತ್ತವೆ. ರಕ್ತ ಕಂಡರಂತೂ ಉಳಿದವೂ ಮುತ್ತಿಕೊಳ್ಳುತ್ತವೆ, ಸಾವೂ ಉಂಟು. ಗರಿ ಕಳೆದುಕೊಂಡ ಕೋಳಿ ಮೈಯ ಕಾವು ಉಳಿಸಿಕೊಳ್ಳಲು ಹೆಚ್ಚು ಮೇವು ತಿನ್ನುವುದರಿಂದ ಸಾಕಿದವನಿಗೂ ನಷ್ಟವೇ.

ಇದನ್ನು ಜಗಳವೆಂದು ತಿಳಿಯುವುದು ಸಹಜ. ಕೋಳಿಗಳಲ್ಲಿ ಯಾರು ಯಾರನ್ನು ಕುಕ್ಕಬಹುದೆಂಬ ಮೇಲು-ಕೀಳಿನ ಶ್ರೇಣಿಯಿದೆ ಎಂದು ನಾರ್ವೆಯ ಶೆಲ್ಡೆರುಪ್-ಎಬ್ಬೆ 1921ರಲ್ಲೇ ತೋರಿಸಿದ್ದರು. (ಕಚೇರಿಯ ಸೀನಿಯಾರಿಟಿ ಪಟ್ಟಿ ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ.) ಆದರೆ ಆ ಕುಕ್ಕು ಹೆಚ್ಚಾಗಿ ತಲೆಯ ಮೇಲೆ ಬೀಳುತ್ತದೆ, ಬೇಗ ಮುಗಿಯುತ್ತದೆ. ಗರಿ ಕೀಳುವುದು ಬೇರೆಯೇ; ಅದರಲ್ಲಿ ಕೋಪವಿಲ್ಲ. ಕಾಡುಕೋಳಿ ಎಚ್ಚರವಿರುವ ಹೊತ್ತಿನ ಬಹುಭಾಗವನ್ನು ನೆಲ ಕೆದಕಿ ಕುಕ್ಕುವುದರಲ್ಲೇ ಕಳೆಯುತ್ತದೆ. ಆ ಚಾಳಿ ಫಾರಮ್ಮಿನ ಕೋಳಿಯ ರಕ್ತದಲ್ಲೂ ಇದೆ. ಕಾಲ ಕೆಳಗೆ ಇರುವುದು ಮಾತ್ರ ತಂತಿ. ಕುಕ್ಕಲು ನೆಲವಿಲ್ಲದ ಕೊಕ್ಕು ನೆರೆಯ ಗರಿಯತ್ತ ತಿರುಗುತ್ತದೆಂದು ಡಚ್ ವಿಜ್ಞಾನಿ ಬ್ಲೋಖೌಸ್ 1986ರಲ್ಲಿ ವಾದಿಸಿದರು. ಮೇವಿನಲ್ಲಿ ಪ್ರೋಟೀನು, ಉಪ್ಪಿನ ಕೊರತೆ, ಕಣ್ಣು ಕುಕ್ಕುವ ಬೆಳಕು, ಇವೂ ಚಾಳಿಯನ್ನು ಹೆಚ್ಚಿಸುತ್ತವೆ.

ಮನುಷ್ಯ ಕಂಡುಕೊಂಡ ಉಪಾಯಗಳಲ್ಲಿ ಕೆಲವು ನಗೆ ತರಿಸುತ್ತವೆ. 1903ರಲ್ಲಿ ಅಮೆರಿಕದಲ್ಲಿ ಒಬ್ಬಾತ ಕೋಳಿಯ ಕನ್ನಡಕಕ್ಕೆ ಪೇಟೆಂಟು ಪಡೆದ! ಹೆಚ್ಚು ಬಳಕೆಗೆ ಬಂದದ್ದು ನಗೆಯದಲ್ಲ: ಮರಿಯ ಕೊಕ್ಕಿನ ತುದಿಯನ್ನು ಕಾದ ಅಲಗಿನಿಂದ ಕತ್ತರಿಸುವುದು. ಕೊಕ್ಕು ಉಗುರಿನಂತೆ ಜೀವವಿಲ್ಲದ ವಸ್ತುವಲ್ಲ, ಒಳಗೆ ನರಗಳಿವೆ. ಬಲಿತ ಕೋಳಿಗೆ ಹೀಗೆ ಮಾಡಿದರೆ ನೋವು ಬಹುಕಾಲ ಉಳಿಯಬಲ್ಲದು. ನಾರ್ವೆ, ಸ್ವೀಡನ್, ಫಿನ್ಲೆಂಡ್ ಇದನ್ನು ನಿಷೇಧಿಸಿವೆ. 2018ರಲ್ಲಿ ನೆದರ್ಲೆಂಡ್ಸೂ ನಿಲ್ಲಿಸಿತು.

ಗೂಡಿನಿಂದ ಬಿಟ್ಟರೆ ಸಾಕೆನ್ನುವವರಿದ್ದಾರೆ. ಐರೋಪ್ಯ ಒಕ್ಕೂಟದ ಹಳೆಯ ಬರಿಗೂಡುಗಳಲ್ಲಿ ಕೋಳಿಯೊಂದಕ್ಕೆ ದೊರೆಯುತ್ತಿದ್ದ ಕನಿಷ್ಠ ಜಾಗ 550 ಚದರ ಸೆಂಟಿಮೀಟರು. ನಾವು ದಿನವೂ ಟಿಪ್ಪಣಿ ಬರೆಯುವ ಎ-ನಾಲ್ಕು ಹಾಳೆಗೆ ಇದಕ್ಕಿಂತ ಹೆಚ್ಚು ವಿಸ್ತಾರವಿದೆ. 2012ರಿಂದ ಅಲ್ಲಿ ಅಂಥ ಗೂಡುಗಳಿಗೆ ನಿಷೇಧ. ಒಳ್ಳೆಯದೇ ಆಯಿತು, ಆದರೆ ಬಿಡುವಾಗಿ ತಿರುಗುವ ಹಿಂಡಿನಲ್ಲಿ ಗರಿ ಕೀಳುವ ಒಂದೇ ಕೋಳಿ ಹಲವರ ಬೆನ್ನಿಗೆ ಬೀಳಬಲ್ಲದು. ಜಾಗ ಕೊಟ್ಟು ಕೆಲಸ ಕೊಡದಿದ್ದರೆ ಫಲವಿಲ್ಲವೆಂಬುದು ನನ್ನ ಅಭಿಪ್ರಾಯ.

ತಳಿಯ ಮಾತೂ ಇದೆ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಮ್ಯೂರ್ ಅವರು ಹೆಚ್ಚು ಮೊಟ್ಟೆಯಿಡುವ ಒಂಟಿ ಕೋಳಿಯನ್ನು ಆರಿಸದೆ, ಕೂಡಿ ಬಾಳಿ ಚೆನ್ನಾಗಿ ಇಟ್ಟ ಗೂಡನ್ನೇ ಇಡಿಯಾಗಿ ಆರಿಸಿದರು. ಕೊಕ್ಕು ಕತ್ತರಿಸದ ಆ ಕೋಳಿಗಳಲ್ಲಿ ವರ್ಷಕ್ಕೆ ನೂರಕ್ಕೆ 68ರಷ್ಟಿದ್ದ ಸಾವು ಕೆಲವೇ ಪೀಳಿಗೆಗಳಲ್ಲಿ ಸುಮಾರು 9ಕ್ಕೆ ಇಳಿಯಿತೆಂದು 1996ರಲ್ಲಿ ಪ್ರಕಟಿಸಿದರು.

ಸಾಕುವವರಿಗೆ ಇಷ್ಟು ದೂರ ಹೋಗಬೇಕಾಗಿಲ್ಲ. ಮರಿಯನ್ನು ಮೊದಲ ದಿನದಿಂದಲೇ ಹೊಟ್ಟಿನ ಹಾಸಿಗೆಯ ಮೇಲೆ ಬಿಡುವುದು, ಗುಳಿಗೆಯ ಬದಲು ತಿನ್ನಲು ಹೊತ್ತು ಹಿಡಿಯುವ ಪುಡಿ ಮೇವು ಹಾಕುವುದು, ಹುಲ್ಲಿನ ಕಂತೆ ಇಡುವುದು ಇವೆಲ್ಲ ನೆರವಾಗುತ್ತವೆ. ಬಿಳಿಯ ಹುರಿಯ ಗೊಂಚಲೊಂದನ್ನು ತೂಗುಹಾಕಿದರೂ ಆಯಿತು. ಹೇಟೆಗಳು ಸುತ್ತ ನೆರೆದು ಅದರ ಎಳೆ ಎಳೆಯನ್ನು ಬಿಡಿಸುತ್ತ ಹೊತ್ತು ಕಳೆಯುತ್ತವೆ.