ಹಳೆ ಬಸ್ಸಿನ ಅಡಿಗೆಮನೆ: ತುಕ್ಕು ಹಿಡಿದ ನೆಲ, ಗೋಡೆಗೆ ಯೋಗ್ಯ ರಿಪೇರಿ



ಮದ್ರಾಸಿನಲ್ಲಿ ನಮ್ಮವರ ಹೋಟೆಲ್ ಉದ್ಯಮಕ್ಕೂ ವಾಹನಕ್ಕೂ ಹಳೆಯ ನಂಟು. 1962ರಲ್ಲಿ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ಶುರುವಾದಾಗ ಗಿರಾಕಿಗಳು ಕಾರಿನಲ್ಲೇ ಕುಳಿತು ದೋಸೆ, ಕಾಫಿ ತರಿಸಿಕೊಂಡು ತಿಂದರು. 2008ರಲ್ಲಿ ಅದು ಮುಚ್ಚಿತು. ಆ ಜಾಗದಲ್ಲಿ 2010ರಿಂದ ಸೆಮ್ಮೊಳಿ ಪೂಂಗಾ ಎಂಬ ಉದ್ಯಾನವಿದೆ. ಅಂದು ಕಾರು ಹೋಟೆಲಿಗೆ ಬರುತ್ತಿತ್ತು. ಇಂದು ನಮ್ಮಲ್ಲಿ ಕೆಲವರ ಅಡಿಗೆಮನೆಯೇ ಚಕ್ರ ಹತ್ತಿ ಮದುವೆ ಮಂಟಪದ ಹಿತ್ತಲಿಗೂ ಕಂಪೆನಿ ಗೇಟಿಗೂ ಹೋಗುತ್ತಿದೆ. ಹಳೆಯ ಬಸ್ಸು ಕೊಂಡು, ಸೀಟು ಕಿತ್ತು, ಒಲೆ ಮತ್ತು ಗ್ರೈಂಡರ್ ಕೂರಿಸಿ ಔಟ್‌ಡೋರ್ ಕೇಟರಿಂಗ್ ಮಾಡುವವರು ನಾನೂ ಸೇರಿ ಹಲವರಿದ್ದೇವೆ.

ಇಂಥ ಬಸ್ಸಿಗೆ ಎಂಜಿನ್‌ಗಿಂತ ದೊಡ್ಡ ಶತ್ರು ತುಕ್ಕು. ಎಂಜಿನ್ ಕೆಟ್ಟರೆ ಬಸ್ಸು ನಿಲ್ಲುತ್ತದೆ, ಅಷ್ಟೇ. ನೆಲ ಕೊಳೆತರೆ ಅದರ ಮೇಲೆ ನಿಂತ ಮನುಷ್ಯ ಬೀಳುತ್ತಾನೆ. ಲೆಕ್ಕ ಹಾಕಿ ನೋಡಿ. ಇನ್ನೂರು ಲೀಟರಿನ ನೀರಿನ ಟ್ಯಾಂಕ್ ತುಂಬಿದರೆ ನೀರಿನದ್ದೇ ಇನ್ನೂರು ಕಿಲೋ ಭಾರ. ಹೋಟೆಲಿನ ಗ್ಯಾಸ್ ಸಿಲಿಂಡರಿನಲ್ಲಿ ಗ್ಯಾಸೇ 19 ಕಿಲೋ, ಉಕ್ಕಿನ ತೂಕ ಬೇರೆ. ಅದರ ಮೇಲೆ ಕಲ್ಲಿನ ಗ್ರೈಂಡರ್, ಇಡ್ಲಿ ಬಾಯ್ಲರ್, ಕುದಿಯುವ ಸಾಂಬಾರಿನ ಹಂಡೆ, ಬಾಣಲೆಯ ಎಣ್ಣೆ. ಇಷ್ಟನ್ನೂ ಹೊತ್ತಿರುವುದು ಪ್ಲೈವುಡ್ಡು, ಅದರ ಕೆಳಗಿನ ಕಬ್ಬಿಣದ ಅಡ್ಡಪಟ್ಟಿಗಳು. ನಮ್ಮನ್ನು ನಂಬಿ ಊರು ಬಿಟ್ಟು ಬಂದ ಅಡಿಗೆಯವರು ಅದರ ಮೇಲೆ ನಿಂತು ಕೆಲಸ ಮಾಡುತ್ತಾರೆ.

ನಮ್ಮ ಬಸ್ಸಿನಲ್ಲಿ ಕಂಡದ್ದು

ನಮ್ಮ ಬಸ್ಸು ಮೊದಲು ಒಂದು ಕಾರ್ಖಾನೆಯ ಸಿಬ್ಬಂದಿಯನ್ನು ಹೊತ್ತು ತಿರುಗಿದ್ದು. ಅದರ ನೆಲವನ್ನು ಹಿಂದೆ ಯಾರೋ ರಿಪೇರಿ ಮಾಡಿಸಿದ್ದರು. ಮೇಲೆ ಹೊಳೆಯುವ ಅಲ್ಯೂಮಿನಿಯಂ ತಗಡು, ನೋಡಲು ಹೊಸ ಬಸ್ಸಿನ ಹಾಗೆ. ಒಂದು ದಿನ ನಮ್ಮ ಭಟ್ರು ಬಂದು, "ಧಣಿಗಳೇ, ಗ್ರೈಂಡರಿನ ಮೂಲೆ ಸ್ವಲ್ಪ ಕುಸಿದ ಹಾಗೆ ಕಾಣ್ತದೆ, ಕಾಲಿಟ್ಟರೆ ಮೆತ್ತಗೆ ಉಂಟು" ಎಂದರು. ಆ ದಿನವೇ ಬಸ್ಸನ್ನು ನಿಲ್ಲಿಸಿ ತಗಡು ಎಬ್ಬಿಸಿದೆವು. ಕೆಳಗಿನ ಪ್ಲೈವುಡ್ ನೆನೆದ ರಟ್ಟಿನಂತೆ ಕೈಗೆ ಬಂತು. ಅದರಡಿಯ ಎರಡು ಅಡ್ಡಪಟ್ಟಿಗಳಲ್ಲಿ ಬೆರಳು ತೂರುವಷ್ಟು ತೂತು. ಹಳೆಯ ರಿಪೇರಿಯವರು ತುಕ್ಕನ್ನು ತೆಗೆಯದೆ ಮೇಲೆ ತಗಡು ಹೊದಿಸಿ ಹಣ ಪಡೆದಿದ್ದರು. ಮದುವೆ ಸೀಸನ್ನಿನ ನಡುವೆ ಹನ್ನೆರಡು ದಿನ ಬಸ್ಸು ಶೆಡ್ಡಿನಲ್ಲಿ ನಿಂತಿತು. ಒಪ್ಪಿಕೊಂಡ ಆರ್ಡರುಗಳಿಗೆ ಬಾಡಿಗೆ ಟೆಂಪೋದಲ್ಲಿ ಪಾತ್ರೆ ಸಾಗಿಸಿದೆವು. ಲಾಭ ಹೋಯಿತು, ಆದರೆ ಯಾರ ಕಾಲಿಗೂ ಪೆಟ್ಟಾಗಲಿಲ್ಲ. ಆ ಹನ್ನೆರಡು ದಿನ ಎದುರಿಗೆ ನಿಂತು ಮಾಡಿಸಿದ ಕೆಲಸವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಚೆನ್ನೈಯಲ್ಲಿ ತುಕ್ಕು ಏಕೆ ಜಾಸ್ತಿ?

ಕಬ್ಬಿಣಕ್ಕೆ ನೀರು ಮತ್ತು ಗಾಳಿ ಸಿಕ್ಕರೆ ತುಕ್ಕು. ಉಪ್ಪೂ ಸೇರಿದರೆ ಅದು ಓಡುತ್ತದೆ. ಸಮುದ್ರದ ಗಾಳಿಯಲ್ಲಿ ಉಪ್ಪಿದೆ, ಕರಾವಳಿಗೆ ಹತ್ತಿರದ ಎಷ್ಟೋ ಬೋರ್‌ವೆಲ್ ನೀರಿನಲ್ಲೂ ಉಪ್ಪಿದೆ. ನಮ್ಮ ಅಡಿಗೆಮನೆಯಲ್ಲಂತೂ ಉಪ್ಪು, ಹುಣಸೆಹುಳಿ, ಹುಳಿ ಬಂದ ಹಿಟ್ಟು ಎಲ್ಲವೂ ನೆಲಕ್ಕೆ ಬೀಳುತ್ತದೆ. ಇದೇ ರಾಜ್ಯದ ಪಾಂಬನ್ ರೈಲು ಸೇತುವೆಯನ್ನು ನೋಡಿ. 1914ರಲ್ಲಿ ತೆರೆದ ಆ ಸೇತುವೆಯನ್ನು ಉಪ್ಪುಗಾಳಿಯಿಂದ ಕಾಪಾಡಲು ರೈಲ್ವೆಯವರು ವರ್ಷವರ್ಷವೂ ಹೆಣಗಿದರು. 2022ರ ಡಿಸೆಂಬರಿನಲ್ಲಿ ಅದರ ಮೇಲೆ ರೈಲು ನಿಂತಿತು, 2025ರ ಏಪ್ರಿಲ್‌ನಲ್ಲಿ ಪಕ್ಕದ ಹೊಸ ಸೇತುವೆ ತೆರೆಯಿತು. ಕಾರೈಕುಡಿಯಲ್ಲಿ ಕೇಂದ್ರ ಸರಕಾರದ ಸಂಶೋಧನಾ ಸಂಸ್ಥೆಯೊಂದು 1953ರಿಂದ ಇಂಥ ವಿಷಯಗಳಲ್ಲೇ ಕೆಲಸ ಮಾಡುತ್ತಿದೆ. ಸೇತುವೆಗೇ ಹೀಗಾದರೆ ತೆಳು ಪಟ್ಟಿಯ ಬಸ್ಸಿನ ಪಾಡು ಹೇಳಬೇಕಾಗಿಲ್ಲ.

ಇನ್ನೊಂದು ಸಂಗತಿ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಹಿಡಿಯುತ್ತದೆ. ಆದ್ದರಿಂದಲೇ ತಗಡು ಉಬ್ಬುತ್ತದೆ, ರಿವೆಟ್ ಕಿತ್ತು ಬರುತ್ತದೆ. ಗೋಡೆಯ ಕೆಳಭಾಗ ಹೊಟ್ಟೆ ಬಿಟ್ಟಿದ್ದರೆ ಒಳಗೆ ತುಕ್ಕು ಇದೆ ಎಂದೇ ತಿಳಿಯಿರಿ.

ಮೊದಲು ಪರೀಕ್ಷೆ

ಸಾಮಾನು ಪೂರ್ತಿ ಇಳಿಸಿ, ಮ್ಯಾಟು, ತಗಡು, ಪ್ಲೈವುಡ್ ಎಬ್ಬಿಸಿ. ಸಣ್ಣ ಸುತ್ತಿಗೆ, ಸ್ಕ್ರೂಡ್ರೈವರ್, ಟಾರ್ಚು, ಸೀಮೆಸುಣ್ಣ ಸಾಕು. ಗಟ್ಟಿ ಕಬ್ಬಿಣ ಠಣ್ ಎನ್ನುತ್ತದೆ, ಕೊಳೆತದ್ದು ಮಂಕಾಗಿ ದಡ್ ಎನ್ನುತ್ತದೆ. ಸಂಶಯ ಬಂದಲ್ಲಿ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಮುಖ್ಯವಾಗಿ ನೋಡಬೇಕಾದ ಜಾಗಗಳು: ಚಕ್ರದ ಮೇಲಿನ ಕಮಾನು, ಹತ್ತುವ ಮೆಟ್ಟಿಲು, ಸಿಂಕಿನ ಅಡಿ, ಗ್ರೈಂಡರಿನ ಅಡಿ, ಗೋಡೆಯ ಕಂಬಗಳು ನೆಲಕ್ಕೆ ಸೇರುವ ಬುಡ, ಕಿಟಕಿಯ ಕೆಳ ಅಂಚು.

ಬರಿ ಮೇಲ್ಮೈ ತುಕ್ಕಿಗೆ ಒಂದು ಗೆರೆ, ಗುಳಿ ಬಿದ್ದಿದ್ದರೆ ಎರಡು ಗೆರೆ, ತೂತಾಗಿದ್ದರೆ ಸುತ್ತ ವೃತ್ತ. ಹೀಗೆ ಗುರುತು ಹಾಕಿದ ಮೇಲೆಯೇ ಕೊಟೇಶನ್ ಕೇಳಿ. ಗುಪ್ಪೆ ಲೆಕ್ಕದಲ್ಲಿ ರೇಟು ಹೇಳುವವರಿಗೆ ಕೆಲಸ ಕೊಡಬೇಡಿ.

ಬಸ್ಸಿನ ಉದ್ದಕ್ಕೂ ಹೋಗುವ ಎರಡು ದಪ್ಪ ಚಾಸಿಸ್ ತೊಲೆಗಳೇ ಕೊಳೆತಿದ್ದರೆ ಅಲ್ಲಿಗೇ ನಿಲ್ಲಿಸಿ. ಅವಕ್ಕೆ ಬೀದಿಬದಿಯ ವೆಲ್ಡಿಂಗ್ ಮಾಡಿಸಕೂಡದು. ಚಾಸಿಸ್ ತಯಾರಕರ ಅಧಿಕೃತ ವರ್ಕ್‌ಶಾಪಿನಲ್ಲಿ ತೋರಿಸಿ. ಅವರು ಬೇಡ ಎಂದರೆ ಗುಜರಿಗೆ ಕೊಡುವುದೇ ಲಾಭ. ಹಾಗೆಯೇ ಬಾಡಿಯಲ್ಲಿ ದೊಡ್ಡ ಬದಲಾವಣೆ ಮಾಡುವ ಮುಂಚೆ ಆರ್.ಟಿ.ಓ. ಅನುಮತಿ ಬೇಕು. 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮು ಇದನ್ನು ಹೇಳುತ್ತದೆ.

ವೆಲ್ಡಿಂಗಿಗೆ ಮುಂಚೆ

ಗ್ಯಾಸ್ ಸಿಲಿಂಡರ್, ಪೈಪು, ಎಣ್ಣೆ ಡಬ್ಬ ಎಲ್ಲವನ್ನೂ ಬಸ್ಸಿನಿಂದ ದೂರ ಇಡಿಸಿ. ಬ್ಯಾಟರಿ ಕನೆಕ್ಷನ್ ಬಿಚ್ಚಿಸಿ. ಗೋಡೆಯೊಳಗೆ ಥರ್ಮೋಕೋಲ್ ಇದ್ದರೆ ಅದನ್ನು ಪೂರ್ತಿ ತೆಗೆಯಿರಿ, ಕಿಡಿ ತಗಲಿದರೆ ಹೊತ್ತಿಕೊಂಡು ವಿಷದ ಹೊಗೆ ಬಿಡುತ್ತದೆ. ಡೀಸೆಲ್ ಟ್ಯಾಂಕಿನ ಹತ್ತಿರ ಕೆಲಸವಿದ್ದರೆ ಟ್ಯಾಂಕನ್ನೇ ಇಳಿಸಬೇಕು. ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲಿರಲಿ. ಕೆಲಸ ಮುಗಿದ ಮೇಲೂ ಒಂದು ಗಂಟೆ ಒಬ್ಬರು ಅಲ್ಲೇ ಕಾವಲಿರಬೇಕು. ಸತುವಿನ ಲೇಪದ ಜಿ.ಐ. ತಗಡನ್ನು ವೆಲ್ಡ್ ಮಾಡುವ ಹೊಗೆಯಿಂದ ಜ್ವರ ಬರುತ್ತದೆ. ಆದ್ದರಿಂದ ವೆಲ್ಡ್ ಮಾಡುವ ಜಾಗದ ಲೇಪ ಉಜ್ಜಿ ತೆಗೆದು, ಗಾಳಿ ಆಡುವಲ್ಲಿ ಕೆಲಸ ಮಾಡಿಸಿ.

ಕೊಳೆತದ್ದನ್ನು ಕತ್ತರಿಸಿ

ತೂತಾದ ಪಟ್ಟಿಯ ಮೇಲೆ ತೇಪೆ ಹಾಕಬೇಡಿ. ಗಟ್ಟಿ ಲೋಹ ಸಿಗುವವರೆಗೆ ಕತ್ತರಿಸಿ, ಅದೇ ದಪ್ಪದ ಹೊಸ ತುಂಡು ಸೇರಿಸಿ ವೆಲ್ಡ್ ಮಾಡಿಸಿ. ಬೇಕಾದ ಬಿಡಿ ಸಾಮಾನು ಪುದುಪೇಟೆಯಲ್ಲಿ ಹುಡುಕಬಹುದು. ಬಾಡಿ ಕೆಲಸ ಬಲ್ಲವರು ನಗರದಲ್ಲೂ ಇದ್ದಾರೆ, ಇಡೀ ಬಾಡಿ ಬದಲಿಸುವುದಾದರೆ ಬಸ್ ಬಾಡಿಗೆ ಹೆಸರಾದ ಕರೂರಿನಲ್ಲೂ ಕೇಳಬಹುದು. ಪೊಳ್ಳು ಪೈಪುಗಳ ತಗ್ಗಿನ ತುದಿಯಲ್ಲಿ ನೀರು ಇಳಿಯಲು ಸಣ್ಣ ತೂತು ಇರಲಿ, ಒಳಗೆ ತುಕ್ಕು ತಡೆಯುವ ಮೇಣ ಸಿಂಪಡಿಸಿ.

ಉಳಿದ ಕಡೆ ತಂತಿ ಬ್ರಷ್ಷಿನಿಂದ ತುಕ್ಕನ್ನು ಉಜ್ಜಿ ತೆಗೆಯಿರಿ. ಹಳೆಯ ಬಣ್ಣದಲ್ಲಿ ಸೀಸ ಇರಬಹುದು, ಆದ್ದರಿಂದ ಮಾಸ್ಕ್ ಹಾಕದೆ ಯಾರೂ ಉಜ್ಜಬಾರದು. ನಂತರ ಹೆಚ್ಚಿನವರು ಬಿಟ್ಟುಬಿಡುವ ಕೆಲಸ ಒಂದಿದೆ: ಸಿಹಿನೀರಿನಿಂದ ತೊಳೆಯುವುದು. ಬೋರ್ ನೀರು ಬೇಡ, ಮೆಟ್ರೋ ವಾಟರ್ ಬಳಸಿ. ಉಪ್ಪು ಉಳಿದರೆ ಎಂಥ ದುಬಾರಿ ಬಣ್ಣವೂ ಗುಳ್ಳೆ ಏಳುತ್ತದೆ. ಒಣಗಿಸಿ, ಅದೇ ದಿನ ಪ್ರೈಮರ್ ಹೊಡೆಯಿರಿ. ರಾತ್ರಿ ಬಿಟ್ಟರೆ ಬೆಳಗ್ಗೆ ಮತ್ತೆ ಕೆಂಪಾಗಿರುತ್ತದೆ.

ಗುಳಿಗಳಲ್ಲಿ ಉಳಿದ ತುಕ್ಕಿಗೆ ರಸ್ಟ್ ಕನ್ವರ್ಟರ್ ಹಚ್ಚಬಹುದು. ಅದರಲ್ಲಿರುವ ಫಾಸ್ಫಾರಿಕ್ ಅಥವಾ ಟ್ಯಾನಿಕ್ ಆಮ್ಲ ತುಕ್ಕನ್ನು ಕಪ್ಪು ಪದರವಾಗಿ ಮಾಡುತ್ತದೆ. ಆದರೆ ಉದುರುವ ತುಕ್ಕಿನ ಮೇಲೆ ಅದು ನಿಲ್ಲದು, ಹೋದ ಬಲವನ್ನು ಮರಳಿ ತರದು. ಆಮೇಲೆ ಎರಡು ಡಬ್ಬಿ ಬೆರೆಸುವ ಎಪಾಕ್ಸಿ ಪ್ರೈಮರ್ ಎರಡು ಕೋಟ್, ಮೇಲೆ ಎಪಾಕ್ಸಿ ಬಣ್ಣ. ಮಾಮೂಲಿ ರೆಡ್ ಆಕ್ಸೈಡ್‌ನಲ್ಲಿ ಜಿಂಕ್ ಕ್ರೋಮೇಟ್ ಇರುವುದುಂಟು, ಅದು ಆರೋಗ್ಯಕ್ಕೆ ಕೆಟ್ಟದ್ದು. ಅಡಿಗೆ ಮಾಡುವ ಒಳಭಾಗಕ್ಕೆ ಜಿಂಕ್ ಫಾಸ್ಫೇಟ್ ಇರುವುದನ್ನು ಕೇಳಿ ತನ್ನಿ. ಮನೆ ಬಣ್ಣದಲ್ಲಿ ಸೀಸಕ್ಕೆ 2017ರಿಂದ ಮಿತಿ ಇದೆ, ಆದರೆ ಆ ನಿಯಮ ಕಾರ್ಖಾನೆ ಬಣ್ಣಗಳಿಗೆ ಅನ್ವಯಿಸುವುದಿಲ್ಲ. ಸೀಸ ಇಲ್ಲವೆಂದು ಡಬ್ಬಿಯ ಮೇಲೆ ಬರೆದದ್ದನ್ನೇ ಕೊಳ್ಳಿ. ಮುಂಜಾನೆಯ ಮಂಜಿನಲ್ಲಿ ಬಣ್ಣ ಬೇಡ. ತಗಡು ಬಿಸಿಲಿಗೆ ಬೆಚ್ಚಗಾದ ಮೇಲೆ ಶುರು ಮಾಡಿ ಸಂಜೆಗೆ ಮುಂಚೆ ಮುಗಿಸಿ.

ನೆಲ ಹಾಸುವಾಗ

ಐ.ಎಸ್. 710 ಗುರುತಿನ ಮರೈನ್ ಪ್ಲೈವುಡ್ ಹಾಕಿ. ಕತ್ತರಿಸಿದ ಅಂಚುಗಳಿಗೂ ಬೋಲ್ಟಿನ ತೂತುಗಳಿಗೂ ಎಪಾಕ್ಸಿ ಬಳಿಯಿರಿ, ನೀರು ಒಳಹೋಗುವುದು ಅಲ್ಲಿಂದಲೇ. ಮೇಲಿನ ತಗಡು ಸ್ಟೇನ್‌ಲೆಸ್ ಆಗಲಿ ಅಲ್ಯೂಮಿನಿಯಂ ಆಗಲಿ, ಬರಿ ಕಬ್ಬಿಣಕ್ಕೆ ನೇರ ತಾಗಬಾರದು. ಎರಡು ಲೋಹದ ನಡುವೆ ಉಪ್ಪುನೀರು ಸೇರಿದರೆ ಒಂದು ಇನ್ನೊಂದನ್ನು ತಿನ್ನುತ್ತದೆ. ಅಲ್ಯೂಮಿನಿಯಂ ಮತ್ತು ಕಬ್ಬಿಣ ಸೇರಿದರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗುತ್ತದೆ. ಸ್ಟೇನ್‌ಲೆಸ್ ಮತ್ತು ಕಬ್ಬಿಣ ಸೇರಿದರೆ ಕಬ್ಬಿಣ ಹೋಗುತ್ತದೆ. ಆದ್ದರಿಂದ ನಡುವೆ ಬಣ್ಣ, ರಬ್ಬರ್ ಪಟ್ಟಿ ಅಥವಾ ಸೀಲಂಟ್ ಇರಲೇಬೇಕು.

ಸ್ಟೇನ್‌ಲೆಸ್‌ನಲ್ಲಿ 304 ಕೇಳಿ, ಅಗ್ಗವೆಂದು 202 ತರಬೇಡಿ. ಅಂಗಡಿಯವರು ಅಯಸ್ಕಾಂತ ಹಿಡಿದು ತೋರಿಸಿದರೆ ನಂಬಬೇಡಿ, ಎರಡಕ್ಕೂ ಅದು ಹೆಚ್ಚಾಗಿ ಅಂಟುವುದಿಲ್ಲ. ಟೆಸ್ಟ್ ಸರ್ಟಿಫಿಕೇಟ್ ಕೇಳಿ. ತಗಡನ್ನು ಗೋಡೆಯ ಮೇಲೆ ನಾಲ್ಕು ಇಂಚು ಮಡಚಿ ಏರಿಸಿ, ಮೂಲೆ ದುಂಡಗಿರಲಿ, ನೀರು ಡ್ರೈನ್ ಕಡೆಗೆ ಓಡುವಂತೆ ವಾಟ ಕೊಡಿ.

ಗೋಡೆಗೆ

ಕೆಳಗಿನ ಒಳತಗಡು ಬಿಚ್ಚಿ, ನೆನೆದ ಗ್ಲಾಸ್‌ವೂಲ್ ಎಸೆಯಿರಿ. ಇಡ್ಲಿಯ ಆವಿ ಗೋಡೆಯೊಳಗೆ ಹೊಕ್ಕು ತಣ್ಣಗಾಗಿ ನೀರಾಗುತ್ತದೆ, ಆ ನೀರು ಕಂಬದ ಬುಡದಲ್ಲಿ ನಿಲ್ಲುತ್ತದೆ. ಬುಡ ಸರಿಮಾಡಿದ ಮೇಲೆ ನೀರು ಹೀರದ ಮತ್ತು ಬೇಗ ಬೆಂಕಿ ಹಿಡಿಯದ ಶೀಟು ತುಂಬಿ. ಮೇಲಿನ ತಗಡು ಕೆಳಗಿನದರ ಮೇಲೆ ಹೊದ್ದುಕೊಳ್ಳಲಿ, ಹೆಂಚು ಹೊದಿಸಿದ ಹಾಗೆ. ಸಂದುಗಳಿಗೆ ಆಹಾರಕ್ಕೆ ಯೋಗ್ಯವಾದ ಸಿಲಿಕೋನ್ ಹಚ್ಚಿ. ಬಾಯ್ಲರಿನ ಮೇಲೆ ಎಕ್ಸಾಸ್ಟ್ ಇಲ್ಲದಿದ್ದರೆ ಈ ಖರ್ಚೆಲ್ಲ ದಂಡ. ಗೋಡೆ, ನೆಲ ನಯವಾಗಿ, ತೊಳೆಯಲು ಸುಲಭವಾಗಿರಬೇಕು, ಬಣ್ಣದ ಚಕ್ಕೆ ಉದುರಬಾರದು ಎಂದು 2011ರ ಆಹಾರ ಸುರಕ್ಷತಾ ಲೈಸೆನ್ಸ್ ನಿಯಮಗಳೂ ಹೇಳುತ್ತವೆ.

ದಿನನಿತ್ಯದ ಕಾಳಜಿ

ರಾತ್ರಿ ತೊಳೆದ ಮೇಲೆ ಮ್ಯಾಟು ಎತ್ತಿ ನೇತುಹಾಕಿ, ನೆಲ ಒರೆಸಿ ಒಣಗಿಸಿ, ಬಾಗಿಲು ಸ್ವಲ್ಪ ಹೊತ್ತು ತೆರೆದಿಡಿ. ಆಸಿಡ್ ಹಾಕಿ ತೊಳೆಯಬೇಡಿ, ಬ್ಲೀಚಿಂಗ್ ನೀರು ನಿಲ್ಲಲು ಬಿಡಬೇಡಿ, ಸ್ಟೇನ್‌ಲೆಸ್ಸನ್ನೂ ಅವು ಚುಚ್ಚುತ್ತವೆ. ಇಲ್ಲಿಯ ದೊಡ್ಡ ಮಳೆ ಅಕ್ಟೋಬರಿನಿಂದ ಡಿಸೆಂಬರಿನವರೆಗೆ. ಆದ್ದರಿಂದ ಸೆಪ್ಟೆಂಬರಿನಲ್ಲಿ ಒಮ್ಮೆ, ಜನವರಿಯಲ್ಲಿ ಒಮ್ಮೆ ತಳ ನೋಡಿಸಿ. 2015ರ ಮತ್ತು 2023ರ ಡಿಸೆಂಬರಿನಂತೆ ರಸ್ತೆಯಲ್ಲಿ ನೀರು ನಿಂತು ಬಸ್ಸು ಮುಳುಗಿದ್ದರೆ ಜನವರಿಗೆ ಕಾಯದೆ ಕೂಡಲೇ ಒಳತಗಡು ಬಿಚ್ಚಿ ಒಣಗಿಸಿ.

ಹಳೆಯ ಬಸ್ಸು ಎಂದರೆ ಕೀಳಲ್ಲ. 2020ರಲ್ಲಿ ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ನಮ್ಮ ಕೆ.ಎಸ್.ಆರ್.ಟಿ.ಸಿ.ಯವರು ಓಡಿ ದಣಿದ ಬಸ್ಸೊಂದನ್ನು ಮಹಿಳೆಯರ ಶೌಚಾಲಯವಾಗಿ ಮಾಡಿ ನಿಲ್ಲಿಸಿದರು. ಒಳ್ಳೆಯ ರಿಪೇರಿ ಸಿಕ್ಕರೆ ಹಳೆಯ ಬಾಡಿ ಇನ್ನೂ ಕೆಲವು ವರ್ಷ ಅನ್ನ ಕೊಡುತ್ತದೆ. ಕೆಲಸ ನಡೆಯುವಾಗ ಮಾಲೀಕರು ಎದುರಿಗಿರಿ, ತಗಡು ಮುಚ್ಚುವ ಮುಂಚೆ ಒಳಗಿನದರ ಫೋಟೋ ತೆಗೆದಿಡಿ. ನೆಲ ಮೆತ್ತಗಾಗಿದೆ ಎಂದು ಅಡಿಗೆಯವರು ಹೇಳಿದ ದಿನ ಆರ್ಡರ್ ಎಷ್ಟೇ ದೊಡ್ಡದಿರಲಿ, ಬಸ್ಸನ್ನು ಮೊದಲು ಶೆಡ್ಡಿಗೆ ಬಿಡಿ.